ಬ್ರೇಕೇ ಇಲ್ಲದ ಬೈಕ್‌ಗಳ ಲೀಗ್

ಬ್ರೇಕೇ ಇಲ್ಲದ ಬೈಕ್ ಕೊಟ್ರೆ ಹತ್ತೀರಾ?
ಪೋಲೆಂಡ್‌ನಲ್ಲಿ ಹತ್ತೋರಿದ್ದಾರೆ.
ನೋಡೋಕೆ ಸ್ಟೇಡಿಯಂ ತುಂಬ ಜನ ಬೇರೆ!

ಇದು ಸ್ಪೀಡ್‌ವೇ.
500 ಸಿಸಿ ಎಂಜಿನ್. ಒಂದೇ ಗೇರ್.
ಕುಡಿಯೋದು ಪೆಟ್ರೋಲ್ ಅಲ್ಲ, ಮೆಥನಾಲ್.
ನಾಲ್ಕು ಜನ, ನಾಲ್ಕು ಸುತ್ತು.
ಹೆಚ್ಚುಕಡಿಮೆ ಒಂದು ನಿಮಿಷ. ಮುಗೀತು.

ತಿರುವು ಬಂದಾಗ ಗಮನಿಸಿ.
ಬೈಕ್ ಹೋಗ್ತಿರೋದು ಎಡಕ್ಕೆ.
ಮುಂದಿನ ಚಕ್ರ ಮಾತ್ರ ಬಲಕ್ಕೆ ತಿರುಗಿದೆ!
ಹಿಂದಿನ ಚಕ್ರವನ್ನ ಬೇಕಂತಲೇ ಜಾರಿಸ್ತಾರೆ.
ಎಡಗಾಲು ನೆಲಕ್ಕೆ ಊರಿರತ್ತೆ.
ಆ ಬೂಟಿನ ತಳಕ್ಕೆ ಉಕ್ಕಿನ ಪಟ್ಟಿ,
ಎತ್ತಿನ ಗೊರಸಿಗೆ ಲಾಳ ಹೊಡೆದ ಹಾಗೆ.
ಹಿಂದೆ ಬರೋನ ಮೈತುಂಬ ಮಣ್ಣು. ಪಾಪ.

ಅಲ್ಲಿನ ದೊಡ್ಡ ಲೀಗ್ ಎಕ್ಸ್ತ್ರಾಲೀಗಾ. ಎಂಟು ತಂಡ.
ಪಂದ್ಯಕ್ಕೆ 15 ಓಟ.
ಪ್ರತಿ ಓಟಕ್ಕೂ ತಂಡಕ್ಕಿಬ್ಬರು.
ಗೆದ್ದವನಿಗೆ 3 ಅಂಕ, ಆಮೇಲೆ 2, 1, ಕೊನೆಯವನಿಗೆ ಸೊನ್ನೆ.
ಅಂದ್ರೆ ನೀವು ಮೊದಲು ಬಂದು,
ನಿಮ್ಮ ಜೊತೆಗಾರ ಕೊನೆಗೆ ಬಂದ್ರೆ?
3–3. ಗೆದ್ದೂ ಲಾಭವಿಲ್ಲ!

2024ರ ಸೀಸನ್ನನ್ನೇ ತಗೊಳ್ಳಿ.
ಫೈನಲ್‌ನಲ್ಲಿ ವ್ರೊತ್ಸ್ವಾಫ್ ತಂಡವನ್ನ ಮಣಿಸಿ
ಲುಬ್ಲಿನ್ ಚಾಂಪಿಯನ್. ಸತತ ಮೂರನೇ ಸಲ.
ವಿಶ್ವ ಚಾಂಪಿಯನ್ ಬಾರ್ತೋಷ್ ಝ್ಮಾರ್ಜ್ಲಿಕ್
ತಂಡದಲ್ಲಿದ್ದ ಮೇಲೆ ಕೇಳಬೇಕಾ?

ನನಗಂತೂ ಪಟ್ಟಿಯ ತಳದಲ್ಲೇ ಜಾಸ್ತಿ ಮಜಾ ಕಂಡಿದ್ದು.
ಅಲ್ಲಿದ್ದಿದ್ದು ಲೆಶ್ನೊ.
ಪೋಲೆಂಡ್‌ನಲ್ಲಿ ಅತಿ ಹೆಚ್ಚು ಸಲ ಲೀಗ್ ಗೆದ್ದ ತಂಡ!
2017ರಿಂದ 2020ರವರೆಗೆ ಸತತ ನಾಲ್ಕು ಸಲ ಗೆದ್ದಿದ್ದೂ ಇದೇ.
ಕೊನೆಯ ಸ್ಥಾನ, ಸೀದಾ ಕೆಳಗಿನ ಡಿವಿಷನ್‌ಗೆ.
ಮರುವರ್ಷ ಅಲ್ಲಿ ಗೆದ್ದು, ಮತ್ತೆ ಮೇಲಕ್ಕೆ ಬಂತು.