ಸುಳಿ ನೋಡುವ ವಿದ್ಯೆ

ನಳಚಕ್ರವರ್ತಿಯು ರಾಜ್ಯವನ್ನೂ ರೂಪವನ್ನೂ ಕಳೆದುಕೊಂಡು, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಲಾಯದಲ್ಲಿ ಊಳಿಗಕ್ಕಿದ್ದ ಕಾಲದಲ್ಲಿ, ಒಂದೇ ದಿನದೊಳಗೆ ವಿದರ್ಭವನ್ನು ಮುಟ್ಟಬೇಕೆಂದು ಅರಸನು ಅವಸರಪಡಿಸಲಾಗಿ, ಆ ಸಾರಥಿಯು ಮೈತುಂಬಿದ ಕುದುರೆಗಳನ್ನೆಲ್ಲ ಬಿಟ್ಟು ಬಡಕಲಾಗಿ ಕಾಣುವುವನ್ನೇ ಆರಿಸಿ ತಂದನೆಂದೂ, ಋತುಪರ್ಣನು ಇವೆಂಥ ಕುದುರೆಗಳೆಂದು ಸಿಡುಕಿದನೆಂದೂ, ಆದರೆ ಅವುಗಳ ಮೈಮೇಲಿನ ಸುಳಿಗಳನ್ನು ನೋಡಿಯೇ ಬಾಹುಕನು ನಿರ್ಧರಿಸಿದ್ದನೆಂದೂ ಮಹಾಭಾರತವು ಹೇಳುವುದಷ್ಟೆ. ಈ ಪ್ರಸಂಗವು ನನಗೆ ನೆನಪಾದದ್ದು ಕ್ಯಾಲಿಫೋರ್ನಿಯದಲ್ಲಿ, ನನ್ನ ಸೋದರಳಿಯನ ಮನೆಯ ಊಟದ ಮೇಜಿನ ಮುಂದೆ. ಅವನು ಮಿಯಾಟ ಎಂಬ ಸೆಕೆಂಡ್ ಹ್ಯಾಂಡ್ ರೋಡ್‌ಸ್ಟರ್ ಕಾರೊಂದನ್ನು ಕೊಳ್ಳಬೇಕೆಂದು ಸಂಕಲ್ಪಿಸಿ, ಯಾವ ತಲೆಮಾರಿನದನ್ನು ಕೊಳ್ಳಬೇಕೆಂಬ ಒಂದೇ ಪ್ರಶ್ನೆಯಲ್ಲಿ ಎರಡು ತಿಂಗಳು ಕಳೆದಿದ್ದನು.

ರೋಡ್‌ಸ್ಟರ್ ಎಂಬುದು ಇಬ್ಬರಿಗೆ ಮಾತ್ರ ಆಸನವುಳ್ಳ, ಮೇಲುಹೊದಿಕೆಯನ್ನು ಮಡಚಿಡಬಹುದಾದ, ಸಂಸಾರಿಗೆ ಸರ್ವಥಾ ಅನುಪಯುಕ್ತವಾದ ವಾಹನ. ಮೂವರು ಹೋಗುವಂತಿಲ್ಲ, ಅಕ್ಕಿಯ ಮೂಟೆಯನ್ನು ತರುವಂತಿಲ್ಲ. ಆದರೂ ಬೆಟ್ಟದ ತಿರುವುಗಳಲ್ಲಿ ಗಾಳಿಗೆ ಮುಖವೊಡ್ಡಿ ಹೋಗುವ ಸುಖವೊಂದಕ್ಕಾಗಿಯೇ ಜನರು ಅದನ್ನು ಕೊಳ್ಳುವರು. ಇಂಗ್ಲೆಂಡಿನ ಎಂ.ಜಿ., ಟ್ರಯಂಫ್ ಮೊದಲಾದ ಕಾರುಗಳು ಒಂದು ಕಾಲಕ್ಕೆ ಈ ಸುಖಕ್ಕೆ ಹೆಸರಾಗಿದ್ದವು. ಎಣ್ಣೆ ಸೋರುವುದಕ್ಕೂ ಅಷ್ಟೇ ಹೆಸರಾಗಿದ್ದವು. 1980ರಲ್ಲಿ ಎಂ.ಜಿ.ಬಿ. ಕಾರಿನ ತಯಾರಿಕೆಯು ನಿಂತಿತು. ಅದೇ ಸುಮಾರಿನಲ್ಲಿ, ಜಪಾನೀ ಭಾಷೆ ಬಲ್ಲ ಅಮೆರಿಕದ ಪತ್ರಕರ್ತ ಬಾಬ್ ಹಾಲ್ ಎಂಬಾತನು, ಅಂಥದೇ ಹಗುರವಾದ, ಅಗ್ಗವಾದ, ಆದರೆ ಬೆಳಗ್ಗೆ ಕೀಲಿ ತಿರುಗಿಸಿದೊಡನೆ ಚಾಲೂ ಆಗತಕ್ಕ ಗಾಡಿಯೊಂದನ್ನು ನೀವೇಕೆ ಮಾಡಬಾರದೆಂದು ಹಿರೋಷಿಮದ ಮಾಜ್ಡ ಕಂಪನಿಯ ಕೆನಿಚಿ ಯಮಮೊಟೊ ಅವರ ಕಿವಿಯಲ್ಲಿ ಹಾಕಿದನು. ಆ ಬೀಜವು ಮೊಳೆತು, 1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಕಾರಾಗಿ ನಿಂತಿತು. ಅಮೆರಿಕದಲ್ಲಿ ಅದಕ್ಕೆ ಮಿಯಾಟ ಎಂದೂ ಉಳಿದ ಬಹುತೇಕ ದೇಶಗಳಲ್ಲಿ ಎಂ.ಎಕ್ಸ್.-5 ಎಂದೂ ಹೆಸರು. 2016ರ ವೇಳೆಗೆ ಹತ್ತು ಲಕ್ಷ ಗಾಡಿಗಳು ತಯಾರಾಗಿದ್ದವು. ಕುದುರೆಯೂ ಸವಾರನೂ ಒಂದೇ ದೇಹವಾಗುವುದೆಂಬ ಅರ್ಥದ ಜಪಾನೀ ಮಾತೊಂದನ್ನು ಅದರ ನಿರ್ಮಾಪಕರು ಮಂತ್ರವಾಗಿ ಇಟ್ಟುಕೊಂಡಿದ್ದರಂತೆ. ನಮ್ಮವರು ಅದನ್ನು ಅಶ್ವಹೃದಯವೆಂದು ಕರೆದು ನಳನಿಗೆ ಕೊಟ್ಟಿದ್ದರು.

ಇದುವರೆಗೆ ನಾಲ್ಕು ತಲೆಮಾರುಗಳು ಬಂದಿವೆ. ಬಲ್ಲವರು ಅವನ್ನು ಎನ್‌ಎ, ಎನ್‌ಬಿ, ಎನ್‌ಸಿ, ಎನ್‌ಡಿ ಎಂದು ಕರೆಯುವರು. ಮೊದಲನೆಯದು 1997ರವರೆಗಿನದು. ಆರಂಭದಲ್ಲಿ 1.6 ಲೀಟರಿನ ಎಂಜಿನ್ನು, 116 ಅಶ್ವಶಕ್ತಿ, ತೂಕವು ಸಾವಿರ ಕಿಲೋವನ್ನೂ ಮುಟ್ಟದು. ಇಂದಿನ ಯಾವ ಸಾಧಾರಣ ಕಾರಾದರೂ ನೇರವಾದ ಹೆದ್ದಾರಿಯಲ್ಲಿ ಇದನ್ನು ಹಿಂದೆ ಹಾಕೀತು. ಆದರೆ ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲನ್ನೂ ಅಲ್ಯೂಮಿನಿಯಂ ತೊಲೆಯೊಂದರಿಂದ ಬಿಗಿಯಾಗಿ ಬೆಸೆದಿರುವುದರಿಂದ, ಕಾಲು ಒತ್ತಿದ್ದು ಚಕ್ರಕ್ಕೂ ಚಕ್ರವು ಕಂಡದ್ದು ಕೈಗೂ ತಡವಿಲ್ಲದೆ ತಿಳಿಯುವುದು. ಮೇಲಾಗಿ, ರಾತ್ರಿಯಾದೊಡನೆ ಬಾನೆಟ್ಟಿನೊಳಗಿಂದ ತಲೆಯೆತ್ತಿ ನೋಡುವ ದೀಪಗಳು! ಅವುಗಳ ಮೋಹಕ್ಕೆ ಬಿದ್ದವರಿಂದಲೇ ಈ ತಲೆಮಾರಿನ ಬೆಲೆಯು ಏರಿರುವುದೆಂದು ನನ್ನ ಗುಮಾನಿ.

ಮೋಹಕ್ಕೆ ಬೀಳುವ ಮುನ್ನ ಹಲ್ಲು ಹಿಡಿದು ನೋಡಬೇಕು. ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆಸಿ ಹಲ್ಲನ್ನೆಣಿಸುವ ರೈತನಂತೆಯೇ, ಎನ್‌ಎ ಕೊಳ್ಳುವವನು ಬಾನೆಟ್ ಎತ್ತಿ, ಎಂಜಿನ್ನಿನ ಮುಂಭಾಗದಲ್ಲಿ ಕ್ರ್ಯಾಂಕ್‌ಶಾಫ್ಟಿನ ತುದಿಗೆ ಹೊಂದಿಸಿರುವ ಪುಲ್ಲಿಯ ಸೀಳುಗಳನ್ನು ಎಣಿಸುವನು. ನಾಲ್ಕಿದ್ದರೆ ಅದು 1990ರ ಅಥವಾ 1991ರ ಮೊದಲ ಭಾಗದ ಎಂಜಿನ್ನು, ಎಂಟಿದ್ದರೆ ಆಮೇಲಿನದು. ಆರಂಭದ ಆ ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಮೂತಿ ಗಿಡ್ಡವಾಗಿದ್ದು, ಬೆಲ್ಟ್ ಬದಲಾಯಿಸಿದವನು ಬೋಲ್ಟನ್ನು ಸರಿಯಾಗಿ ಬಿಗಿಯದಿದ್ದಲ್ಲಿ ಕೀಲು ಕೂರುವ ತೋಡು ಸವೆದು ಎಂಜಿನ್ನು ತಾಳ ತಪ್ಪುವುದು. ಟೈಮಿಂಗ್ ಬೆಲ್ಟನ್ನು ಸುಮಾರು 96,000 ಕಿಲೋಮೀಟರಿಗೊಮ್ಮೆ ಬದಲಾಯಿಸುವುದು ವಿಧಿ. ಅದು ತುಂಡಾದರೂ ವಾಲ್ವುಗಳಿಗೆ ಪೆಟ್ಟಾಗದಂಥ ಎಂಜಿನ್ನೆಂಬುದು ಸಮಾಧಾನ. ತಣ್ಣನೆಯ ಬೆಳಗಿನಲ್ಲಿ ವಾಲ್ವುಗಳ ಕಡೆಯಿಂದ ಬರುವ ಟಿಕ್ ಟಿಕ್ ಶಬ್ದಕ್ಕೆ ಬೆದರಬೇಕಾಗಿಲ್ಲ. ಎಣ್ಣೆಯೇರಿದ ಮೇಲೆ ಅದು ಬಹುಮಟ್ಟಿಗೆ ಸುಮ್ಮನಾಗುವುದು. ಹೊದಿಕೆಯ ಹಿಂದಿನ ಪ್ಲಾಸ್ಟಿಕ್ ಕಿಟಕಿಯು ಮಾತ್ರ ಕಣ್ಣಿನ ಪೊರೆಯಂತೆ ಮಬ್ಬುಗಟ್ಟುವುದು, ಜಿಪ್ ಬಿಚ್ಚದೆ ಮಡಚಿದರೆ ಸೀಳುವುದು.

ಎರಡನೆಯದು 1998ರಿಂದ 2005ರವರೆಗಿನದು. ದೀಪಗಳು ತಲೆಯೆತ್ತುವುದನ್ನು ಬಿಟ್ಟು ಸ್ಥಾವರವಾದವು; ಅದಕ್ಕಾಗಿ ರಸಿಕರು ಇದನ್ನು ಇನ್ನೂ ಕ್ಷಮಿಸಿಲ್ಲ. ಅಸ್ಥಿಪಂಜರವು ಬಹುಮಟ್ಟಿಗೆ ಹಿಂದಿನದೇ, ಹಿಂಗಿಟಕಿಗೆ ಗಾಜು ಬಂದಿತು, ಅಮೆರಿಕದಲ್ಲಿ 1.8 ಲೀಟರಿನ ಎಂಜಿನ್ನಿಗೆ ಸುಮಾರು 140 ಅಶ್ವಶಕ್ತಿ ಬಂದಿತು. ಮೂರನೆಯದು, 2005ರಿಂದ 2015ರವರೆಗಿನದು, ಮೈಯಲ್ಲಿ ತುಸು ತುಂಬಿದ್ದು. ಎರಡು ಲೀಟರಿನ ಎಂಜಿನ್ನು, ಬೆಲ್ಟಿಗೆ ಬದಲಾಗಿ ಚೈನು, ನೀಳಕಾಲಿನವನಿಗೂ ಒಂದಿಷ್ಟು ಎಡೆ. ಬೇಕೆಂದವರಿಗೆ 12 ಸೆಕೆಂಡಿನಲ್ಲಿ ತಾನಾಗಿ ಮಡಚಿಕೊಳ್ಳುವ ಗಟ್ಟಿ ಛಾವಣಿ. ದಿನವೂ ಕಚೇರಿಗೆ ಹೋಗುವವನಿಗೆ ಇದು ಒಗ್ಗುವುದು. ನನಗೇಕೋ ಇದರ ಮೇಲೆ ಪ್ರೀತಿಯುಕ್ಕಲಿಲ್ಲ.

2015ರಲ್ಲಿ ಬಂದ ನಾಲ್ಕನೆಯದು ಒಂದು ವಿಸ್ಮಯ. ಕಾರುಗಳೆಲ್ಲ ತಲೆಮಾರಿನಿಂದ ತಲೆಮಾರಿಗೆ ದಪ್ಪವಾಗುತ್ತಿರುವ ಕಾಲದಲ್ಲಿ ಇದು ಮೂರನೆಯದಕ್ಕಿಂತ ಹಗುರವಾಗಿ, ಉದ್ದದಲ್ಲಿ ಮೊದಲನೆಯದಕ್ಕಿಂತಲೂ ಕಿರಿದಾಗಿ ಹುಟ್ಟಿತು. ಅಮೆರಿಕದಲ್ಲಿ 155 ಇದ್ದ ಅಶ್ವಶಕ್ತಿಯು 2019ರಲ್ಲಿ 181ಕ್ಕೆ ಏರಿತು. ಸ್ಟೀರಿಂಗನ್ನು ಎದೆಯತ್ತ ಎಳೆದುಕೊಳ್ಳುವ ಅನುಕೂಲವೂ ಆ ವರ್ಷದಿಂದಲೇ. ಆದ್ದರಿಂದ ನಾಲ್ಕನೆಯದನ್ನು ಕೊಳ್ಳತಕ್ಕವನು ಕೈಲಾದರೆ 2019ರ ಈಚಿನದನ್ನು ಹುಡುಕುವುದು ಲೇಸು; ಆರಂಭದ ವರ್ಷಗಳ ಗಾಡಿಗಳಲ್ಲಿ ಗೇರ್‌ಬಾಕ್ಸಿನ ದೂರು ಕೇಳಿಬಂದದ್ದೂ ಉಂಟು. ಅಪಘಾತವಾದಲ್ಲಿ ಕಾಪಾಡುವ ಸಾಧನಗಳ ವಿಷಯದಲ್ಲಂತೂ ಹಳೆಯದನ್ನು ಇದರೊಡನೆ ಹೋಲಿಸುವಂತೆಯೇ ಇಲ್ಲ. ಎಳೆಯ ಮಕ್ಕಳ ತಂದೆಯಾದವನು ಈ ಒಂದು ಮಾತನ್ನು ರಸಿಕತೆಗಿಂತ ಮುಂದಿಟ್ಟರೆ ನಾನು ಎದುರಾಡಲಾರೆ.

ನಮ್ಮ ನಾಡಿನ ಓದುಗರಿಗೆ ಈ ಆಯ್ಕೆಯ ಸಂಕಟವು ಒದಗದು. ಮಾಜ್ಡ ಕಂಪನಿಯು ಭಾರತದಲ್ಲಿ ಕಾರು ಮಾರುವುದಿಲ್ಲ, ಮೂರು ವರ್ಷಕ್ಕಿಂತ ಹಳೆಯದಾದ ಬಳಸಿದ ಕಾರನ್ನು ಹೊರಗಿನಿಂದ ತರಿಸಲು ನಮ್ಮ ಆಮದು ನಿಯಮವೂ ಬಿಡದು.

ಆದರೆ ತಲೆಮಾರುಗಳ ಈ ಜಿಜ್ಞಾಸೆಯಲ್ಲಿ ಮುಳುಗಿದವರು ಮರೆಯುವುದು ಒಂದನ್ನು: ಕೊಳ್ಳುವುದು ತಲೆಮಾರನ್ನಲ್ಲ, ಎದುರಿಗೆ ನಿಂತಿರುವ ಒಂದು ಗಾಡಿಯನ್ನು. ಚೆನ್ನಾಗಿ ಸಾಕಿದ ಎನ್‌ಎಯು ಹಾಳುಗೆಡವಿದ ಎನ್‌ಸಿಗಿಂತ ಎಷ್ಟೋ ಮೇಲು. ಇದರ ಶತ್ರುವು ತುಕ್ಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪೆರಚುವ ಇಂಗ್ಲೆಂಡಿನಲ್ಲಿ ಎನ್‌ಬಿಯ ಮುಂಭಾಗದ ಅಡಿದೂಲಗಳೇ ಒಳಗಿಂದೊಳಗೆ ಕೊರೆದುಹೋಗುವುವು; ಕ್ಯಾಲಿಫೋರ್ನಿಯದ ಒಣಹವೆಯಲ್ಲಿ ಅದೇ ವಯಸ್ಸಿನ ಗಾಡಿಯು ಗಟ್ಟಿಮುಟ್ಟಾಗಿರುವುದು. ತುಕ್ಕಿಗೆ ಇನ್ನೊಂದು ದಾರಿಯೂ ಉಂಟು. ಮೇಲುಹೊದಿಕೆಯ ಮೇಲೆ ಬಿದ್ದ ಮಳೆನೀರು ಆಸನಗಳ ಹಿಂದೆ ಇಕ್ಕೆಲದಲ್ಲಿರುವ ಸಣ್ಣ ರಂಧ್ರಗಳಿಂದಿಳಿದು ಹಿಂಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಎಲೆ ಕಸ ತುಂಬಿ ಅವು ಕಟ್ಟಿಕೊಂಡರೆ ನೀರು ಒಳಗೇ ನಿಂತು, ಬಾಗಿಲ ಕೆಳಗಿನ ಪಟ್ಟಿಯು ಕೊಳೆಯುವುದು. ಮೇಲೆ ಬಣ್ಣ ಬಳಿದರೆ ಖರೀದಿದಾರನಿಗೆ ಗೊತ್ತೇ ಆಗದು. ಹಾಗೆಯೇ, ಹಿಂದಿನ ಯಜಮಾನನು ಟರ್ಬೊ ಕಿರ್ಬೊ ಸೇರಿಸಿ ಚೆಲ್ಲಾಟವಾಡಿದ್ದರೆ, ಎರಡು ವರ್ಷಕ್ಕೊಮ್ಮೆ ಕ್ಯಾಲಿಫೋರ್ನಿಯ ರಾಜ್ಯವು ಹಳೆಯ ಗಾಡಿಗಳಿಗೆ ವಿಧಿಸುವ ಹೊಗೆ ಪರೀಕ್ಷೆಯಲ್ಲಿ ಅದು ನಪಾಸಾದೀತು.

“ಮಾವ, ನೀವಾಗಿದ್ದರೆ ಯಾವುದನ್ನ ತಗೋತಿದ್ರಿ?” ಎಂದು ಅಳಿಯನು ಕೇಳಿದನು.

“ಎರಡನೇದನ್ನ. ಮೊದಲನೇದರ ಕಣ್ಣು ಮುಚ್ಚೋ ಆಟಕ್ಕೆ ನೀನು ದುಡ್ಡು ಕೊಡಬೇಕಾಗತ್ತೆ. ನಾಲ್ಕನೇದು ಕೆಟ್ಟರೆ ನಿನ್ನ ಕೈಯಲ್ಲಿ ರಿಪೇರಿಯಾಗಲ್ಲ, ವರ್ಕ್‌ಶಾಪಿಗೇ ಹೋಗಬೇಕು. ನಿನಗೆ ಬೇಕಾಗಿರೋದು ಶನಿವಾರ ಮಧ್ಯಾಹ್ನ ಕೈ ಮಸಿ ಮಾಡಿಕೊಳ್ಳೋ ಗಾಡಿ ಅಲ್ವೇನೋ?”

ಅವನು ನಕ್ಕನು. ಎರಡನೆಯದರಲ್ಲಿ ಎಂಜಿನ್ನಿನ ಸುತ್ತ ಕೈ ಹೊಗುವಷ್ಟು ಜಾಗವಿದೆ, ರಿಪೇರಿಯ ವಿವರವನ್ನು ಬಲ್ಲವರು ಊರೂರಿಗಿದ್ದಾರೆ, ದೀಪದ ಕಾರಣಕ್ಕೆ ಜನರು ಮುನಿದಿರುವುದರಿಂದ ಬೆಲೆಯೂ ಮೊದಲನೆಯದಕ್ಕಿಂತ ಇಳಿದಿದೆ. ಋತುಪರ್ಣನಿಗೆ ಬಡಕಲಾಗಿ ಕಂಡ ಕುದುರೆಯು ಇದೇ ಇರಬೇಕು.

ಮುಂದಿನ ಭಾನುವಾರ ಸಾಂಟಾ ಕ್ರೂಜ್ ಬೆಟ್ಟದ ತಪ್ಪಲಿನಲ್ಲಿ 2001ರ ಗಾಡಿಯೊಂದನ್ನು ನೋಡಲು ಹೋದೆವು. ಮಾಲಿಕನು ವೃದ್ಧ, ಮಿತಭಾಷಿ. ಬೆಲ್ಟ್ ಬದಲಾಯಿಸಿದ ರಸೀತಿಯನ್ನೂ ಹೊಗೆ ಪರೀಕ್ಷೆಯ ಪತ್ರವನ್ನೂ ಕೇಳುವ ಮೊದಲೇ ಮುಂದಿಟ್ಟನು. ನಾನು ಒಂದು ಚೊಂಬು ನೀರು ಬೇಕೆಂದೆ. ಬಾಯಾರಿಕೆಯೆಂದು ಭಾವಿಸಿ ಆತನು ಗಾಜಿನ ಲೋಟದಲ್ಲಿ ಐಸು ಹಾಕಿ ತಂದನು. ಅಳಿಯನು ವಿವರಿಸಿದ ಮೇಲೆ ತೋಟಕ್ಕೆ ನೀರು ಹಾಕುವ ಕ್ಯಾನನ್ನು ತಂದು ಕೊಟ್ಟನು. ಛಾವಣಿಯನ್ನು ಅರ್ಧ ಎತ್ತಿ, ಎಡಗಡೆಯ ರಂಧ್ರಕ್ಕೆ ನಿಧಾನವಾಗಿ ಹೊಯ್ದೆ. ಅಳಿಯನು ಟಾರ್ಚು ಹಿಡಿದು ನೆಲದ ಮೇಲೆ ಬೋರಲಾಗಿ ಮಲಗಿದ್ದನು.

“ಬಂತು ಮಾವ.”

ಬಲಗಡೆಗೆ ಹೊಯ್ದೆ. ನೀರು ಒಳಗೆಲ್ಲೋ ಕ್ಷಣಕಾಲ ಗುಳುಗುಳು ಎಂದು ನಿಂತಿತು. ಮಾಲಿಕನೂ ಮಂಡಿಯೂರಿ ಬಗ್ಗಿ ನೋಡಿದನು. ಆಮೇಲೆ ಅದು ಒಣಗಿದ ರೆಡ್‌ವುಡ್ ಎಲೆಗಳ ಒಂದು ಚಿಕ್ಕ ಉಂಡೆಯನ್ನು ದೂಡಿಕೊಂಡು, ಚಕ್ರದ ಮುಂದೆ ಧಾರೆಯಾಗಿ ಇಳಿದು ಬಂದಿತು.