ಮೂರೇ ಸಬ್ಜೆಕ್ಟಾ?

ಸೆಪ್ಟೆಂಬರ್ ಕೊನೆಯ ಶನಿವಾರ. ಸ್ಯಾನ್ ಡಿಯಾಗೋದಿಂದ ಐ-5ರಲ್ಲಿ ಸುಮಾರು 120 ಮೈಲಿ ಕಾರು ಓಡಿಸಿ ಲಾಸ್ ಏಂಜಲಿಸ್ ಸೇರಿದಾಗ ಮಧ್ಯಾಹ್ನ. ಚಿಕ್ಕಮ್ಮನ ಮಗ ಯುಸಿಎಲ್‌ಎಗೆ ಎಂ.ಎಸ್. ಮಾಡಲು ಬಂದು ಹದಿನೈದು ದಿನವೂ ಆಗಿಲ್ಲ. ನಾನು ತಂದ ಚಟ್ನಿಪುಡಿ ಡಬ್ಬಿ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತಿರುಗಿಸಿದ. ಮಷೀನ್ ಲರ್ನಿಂಗ್, ಆಪರೇಟಿಂಗ್ ಸಿಸ್ಟಮ್ಸ್, ಅಲ್ಗಾರಿದಮ್ಸ್, ಕಂಪ್ಯೂಟರ್ ವಿಷನ್. ನಾಲ್ಕೂ ಮೊದಲ ಕ್ವಾರ್ಟರಿಗೇ!

"ಅಣ್ಣಾ, ವಿಟಿಯುನಲ್ಲಿ ಆರು ಥಿಯರಿ, ಎರಡು ಲ್ಯಾಬ್ ಮುಗಿಸಿದೋನು ನಾನು. ನಾಲ್ಕು ಯಾವ ಲೆಕ್ಕ?"

ನಗು ಬಂತು. ಒಂದು ಕಾಲದಲ್ಲಿ ನಾನೂ ಇದನ್ನೇ ಹೇಳಿದ್ದೆ.

ನಮ್ಮಲ್ಲಿ ಮೊದಲ ವರ್ಷ ಫಿಸಿಕ್ಸ್ ಸೈಕಲ್ಲೋ ಕೆಮಿಸ್ಟ್ರಿ ಸೈಕಲ್ಲೋ ಅಂತ ಕಾಲೇಜೇ ಹೇಳಿಬಿಡುತ್ತೆ. ಎಲೆಕ್ಟಿವ್ ಬರೋದು ಕೊನೆಕೊನೆಗೆ. ಅಂದ್ರೆ, ಆರಿಸೋದು ಅನ್ನೋದನ್ನೇ ನಾವು ಕಲಿತಿರಲ್ಲ. ಜೊತೆಗೆ ಸ್ಟಡಿ ಹಾಲಿಡೇಸಲ್ಲಿ ಕೂತು ಓದಿ ದಾಟೋ ಅಭ್ಯಾಸ ಬೇರೆ. ಇಲ್ಲಿ ಕ್ವಾರ್ಟರ್ ಅಂದ್ರೆ 10 ವಾರ ಪಾಠ, ಆಮೇಲೆ ಪರೀಕ್ಷೆ. ವಾರವಾರ ಹೋಂವರ್ಕು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಿಯಮದಲ್ಲಿ 1 ಯೂನಿಟ್ ಅಂದ್ರೆ ವಾರಕ್ಕೆ 3 ಗಂಟೆ ಕೆಲಸ. 4 ಯೂನಿಟ್ಟಿನ ಕೋರ್ಸಿಗೆ 12 ಗಂಟೆ. ಮೂರು ಕೋರ್ಸಿಗೆ 36, ನಾಲ್ಕಕ್ಕೆ 48. ಟೈಮ್ ಟೇಬಲ್ಲಿನಲ್ಲಿ ಕಾಣೋದು ತರಗತಿ ಮಾತ್ರ, ಉಳಿದದ್ದು ರಾತ್ರಿ ಗೊತ್ತಾಗುತ್ತೆ.

ನನಗೆ ಗೊತ್ತಾಗಿದ್ದು ಐದನೇ ವಾರದಲ್ಲಿ. ಸ್ಯಾನ್ ಡಿಯಾಗೋದಲ್ಲಿ ನಾನು ತಗೊಂಡಿದ್ದು ಮೂರೇ, ಆದರೆ ಮೂರೂ ಪ್ರಾಜೆಕ್ಟ್ ಇರುವಂಥವು. ಎರಡು ಪ್ರಾಜೆಕ್ಟು, ಒಂದು ಮಿಡ್‌ಟರ್ಮ್ ಒಂದೇ ವಾರ ಬಂದವು. "ಊಟ ಆಯ್ತೇನೋ?" ಅಂತ ಅಮ್ಮ ಕೇಳಿದಾಗ ಸೀರಿಯಲ್ ತಿಂದು "ಆಯ್ತು" ಅಂದಿದ್ದೆ. ಕೊನೆಗೆ ಒಂದು ಬಿ, ಒಂದು ಬಿ ಮೈನಸ್, ಒಂದು ಸಿ. ಸರಾಸರಿ 2.6ರ ಹತ್ತಿರ. ಇಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗೆ 3.0 ಇರಲೇಬೇಕು. ಊರಲ್ಲಿ ಮನೆ ಅಡ ಇಟ್ಟು ಅಪ್ಪ ಸಾಲ ಮಾಡಿದ್ದರು. ಯಾರಿಗೂ ಹೇಳಲಿಲ್ಲ. ಮೇಲೇಳೋಕೆ ಇನ್ನೆರಡು ಕ್ವಾರ್ಟರ್ ಹಿಡೀತು.

ಹಾಗಂತ ಕಡಿಮೆ ಮಾಡ್ತಾ ಹೋಗೋ ಹಾಗೂ ಇಲ್ಲ. ಎಫ್-1 ವೀಸಾದವರು ಪೂರ್ತಿ ಹೊರೆ ಹೊರಲೇಬೇಕು, ಅಂದ್ರೆ 12 ಯೂನಿಟ್. ಇಲ್ಲಿನ ಪಾಠದ ಕ್ರಮ ಹೊಸದಾಗಿ ತೊಡಕಾದರೆ, ಅಥವಾ ತಪ್ಪು ಮಟ್ಟದ ಕೋರ್ಸಿಗೆ ಸೇರಿದ್ದರೆ, ಹೊರೆ ಇಳಿಸೋಕೆ ಕಾನೂನಲ್ಲೇ ಅವಕಾಶ ಇದೆ. ಒಂದು ಪದವಿಗೆ ಒಂದೇ ಸಲ, ಅರ್ಧವಾದರೂ ಉಳಿಸಿಕೊಳ್ಳಬೇಕು. ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿನ ಒಪ್ಪಿಗೆ, ಆಮೇಲೆ ಡ್ರಾಪ್. ಉಲ್ಟಾ ಮಾಡಿದರೆ ವೀಸಾಕ್ಕೇ ಸಂಚಕಾರ.

ಹಾಗಾಗಿ ಅವನಿಗೆ ಹೇಳಿದ್ದು ಇಷ್ಟು: ಯಾವುದಕ್ಕಾಗಿ ಬಂದೆಯೋ ಅಂಥ ಭಾರದ್ದು ಒಂದು, ಬುನಾದಿ ಗೊತ್ತಿರೋದು ಒಂದು, ಪ್ರಾಜೆಕ್ಟ್ ಇಲ್ಲದ್ದು ಒಂದು. ಹೋದ ವರ್ಷದ ಸಿಲಬಸ್‌ಗಳನ್ನು ಅಕ್ಕಪಕ್ಕ ಇಟ್ಟು ಡೆಡ್‌ಲೈನ್ ತಾರೀಕು ನೋಡು. ಬ್ರೂಯಿನ್‌ವಾಕ್‌ನಲ್ಲಿ ಹಿಂದಿನವರು ಬರೆದದ್ದು ಓದು, ಆದರೆ 'ಈಸಿ' ಅನ್ನೋ ಮಾತಷ್ಟನ್ನೇ ನಂಬಬೇಡ. ಅವರಿಗೆ ಈಸಿ ಆಗಿದ್ದು ನಿನಗೆ ಹೊಸದಿರಬಹುದು.

ಆಪರೇಟಿಂಗ್ ಸಿಸ್ಟಮ್ಸ್, ವಿಷನ್ ಎರಡನ್ನೂ ಮುಂದಕ್ಕೆ ಹಾಕಿದ, ಪೇಪರ್ ಓದಿ ಚರ್ಚಿಸುವ ಒಂದು ಕೋರ್ಸು ಸೇರಿಸಿಕೊಂಡ. ಆಮೇಲೆ ಮೆಲ್ಲಗೆ, "ಅಮ್ಮಂಗೆ ಮೂರೇ ಅಂತ ಹೇಳ್ಬೇಡ ಅಣ್ಣ. ಸೋಮಾರಿ ಆದ ಅಂದ್ಕೋತಾಳೆ" ಅಂದ.

ಅಲ್ಲೇ ಚಿಕ್ಕಮ್ಮನಿಗೆ ಫೋನ್ ಹಚ್ಚಿದೆ. "ವಾರಕ್ಕೆ 36 ಗಂಟೆ ಓದು ತಗೊಂಡಿದಾನೆ."

"ಅಯ್ಯೋ, ಅಷ್ಟೊಂದಾ? ಊಟಕ್ಕಾದ್ರೂ ಟೈಮ್ ಇರುತ್ತೇನೋ?"

ಹುಡುಗ ಚಟ್ನಿಪುಡಿ ಡಬ್ಬಿ ತೆಗೆದ.