ಉಳಿದ ಆರು ತಿಂಗಳು

ಈಚೆಗೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಂದ ತಾಯಿಯೊಬ್ಬರು ನಮ್ಮನ್ನು ಕಂಡು ಒಂದು ಮಾತು ಕೇಳಿದರು. ಮಗಳು ಮೈಸೂರಿನಲ್ಲಿ ಫಿಜಿಯೋಥೆರಪಿಯ ನಾಲ್ಕು ವರ್ಷಗಳ ಪರೀಕ್ಷೆ ಮುಗಿಸಿದ್ದಾಳೆ. ಒಳ್ಳೆಯ ಸಂಬಂಧ ಕೂಡಿಬಂದಿದೆ. ಆಕೆ ಸೇರಿದ ವರ್ಷದ ನಿಯಮದಂತೆ ಉಳಿದಿರುವ ಆರು ತಿಂಗಳ ಇಂಟರ್ನ್‌ಶಿಪ್ ಬಿಟ್ಟು ಮದುವೆ ಮಾಡಿದರೆ, ಮುಂದೆ ಎಂ.ಪಿ.ಟಿ. ಓದಬಹುದಲ್ಲವೇ?

ಆಗದೆಂದೆವು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಆ ತರಬೇತಿ ಮುಗಿಸಿದಲ್ಲದೆ ಬಿ.ಪಿ.ಟಿ. ಪದವಿ ಕೈಸೇರದು, ಪದವಿಯಿಲ್ಲದೆ ಸ್ನಾತಕೋತ್ತರ ಪ್ರವೇಶವಿಲ್ಲ. ಎಂ.ಪಿ.ಟಿ.ಯಾದರೋ ಎರಡು ವರ್ಷಗಳ ಪೂರ್ಣಾವಧಿ ವ್ಯಾಸಂಗ. ಮೂಳೆ-ಸ್ನಾಯು, ನರ, ಹೃದಯ-ಶ್ವಾಸಕೋಶ ಮೊದಲಾದವುಗಳಲ್ಲಿ ಒಂದು ವಿಭಾಗವನ್ನು ಆರಿಸಿಕೊಂಡು, ಸಂಶೋಧನ ಪ್ರಬಂಧ ಸಲ್ಲಿಸಿ, ಲಿಖಿತ ಹಾಗೂ ಪ್ರಾಯೋಗಿಕ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು.

ಪಾರ್ಶ್ವವಾಯು ಬಡಿದವರ ಕೈಕಾಲಿಗೆ ಚಲನೆ ಮರಳಿಸುವ ವಿದ್ಯೆ ಪುಸ್ತಕದಿಂದಷ್ಟೇ ಬಾರದು; ರೋಗಿಯ ಹಾಸಿಗೆಯ ಬಳಿ ನಿಂತು ಕಲಿಯಬೇಕಾದದ್ದು. ನಮ್ಮ ಜಿಲ್ಲೆಗೆ 2016ರಲ್ಲಿ ವೈದ್ಯಕೀಯ ಕಾಲೇಜು ಬಂದಿತು. ಆದರೆ ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ಕೈಹಿಡಿದು ನಡೆಯಿಸುವವರು ಹಳ್ಳಿಗಳಿಗೂ ಬೇಕು.

ಗಂಡಿನ ಮನೆಯವರಿಗೆ ಇದನ್ನೇ ತಿಳಿಸುವೆನೆಂದು ಆ ತಾಯಿ ಹೊರಟರು. ಹೆಣ್ಣುಮಕ್ಕಳುಳ್ಳ ಓದುಗ ಬಂಧುಗಳಿಗೂ ನಮ್ಮ ಬಿನ್ನಹವಿಷ್ಟೆ: ಲಗ್ನವನ್ನು ಆರು ತಿಂಗಳು ಮುಂದೂಡಬಹುದು, ಒಮ್ಮೆ ನಿಂತ ಓದನ್ನು ಮತ್ತೆ ಹಿಡಿಯುವುದು ಕಷ್ಟ.